ಒಂದು ಸುತ್ತಿಗೆ ಒಂದೇ ಸಾಲು

ತಮ್ಮಾ ಎಂದು ಕರೆದರೂ, ತಂಗೀ ಎಂದು ಕರೆದರೂ ಈ ಮಾತು ನಿನಗೇ. ಧಾರವಾಡದ ಸಪ್ತಾಪುರದ ಯಾವುದೋ ಓಣಿಯಲ್ಲಿ ಇನ್ನಿಬ್ಬರು ಮೂವರ ಜೊತೆ ಕೋಣೆ ಹಿಡಿದು, ಖಾನಾವಳಿಯಲ್ಲಿ ತಿಂಗಳ ಲೆಕ್ಕಕ್ಕೆ ಊಟ ಹಚ್ಚಿಕೊಂಡು, ಬೆಳಿಗ್ಗೆ ರೀಡಿಂಗ್ ರೂಮಿನ ಬಾಗಿಲು ತೆಗೆಯುವ ಮೊದಲೇ ಚೀಲ ಹೆಗಲಿಗೇರಿಸಿ ಬಂದು ನಿಲ್ಲುವ ನಿನಗೆ. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ, ಈ ಸರ್ಕಾರಿ ನೌಕರಿಗಳಲ್ಲಿ ಒಂದಾದರೂ ಕೈಗೆ ಹತ್ತೀತು ಎಂದು ಮನೆಯಲ್ಲಿ ಹೇಳಿ ಬಂದಿದ್ದೀಯ. ನಾನು ಗ್ರಂಥಾಲಯದಲ್ಲಿ ದುಡಿದು ನಿವೃತ್ತನಾದವನು. ನೌಕರಿಯುದ್ದಕ್ಕೂ ನಿನ್ನ ವಯಸ್ಸಿನವರು ಓದುವುದನ್ನೇ ನೋಡುತ್ತ ಕಳೆದೆ. ಯಾರು ಎಷ್ಟು ಓದಿದರು ಎನ್ನುವುದಕ್ಕಿಂತ ಯಾರು ಹೇಗೆ ಸುಸ್ತಾದರು ಎನ್ನುವುದು ನನ್ನ ಕಣ್ಣಿಗೆ ಹೆಚ್ಚು ಬಿದ್ದಿದೆ. ಅದರ ಬಗ್ಗೆಯೇ ನಾಲ್ಕು ಮಾತು ಹೇಳಬೇಕಿದೆ.

ನಿನ್ನ ಮೇಜಿನ ಮೇಲೆ ಏನಿರುತ್ತದೆ ಎಂದು ಕಣ್ಣು ಮುಚ್ಚಿದರೂ ಹೇಳಬಲ್ಲೆ. ಲಕ್ಷ್ಮೀಕಾಂತ್ ಅವರ ಸಂವಿಧಾನದ ದಪ್ಪ ಪುಸ್ತಕ. ಆರನೇ ತರಗತಿಯಿಂದ ಹನ್ನೆರಡರವರೆಗಿನ ಸಮಾಜ ವಿಜ್ಞಾನದ ಪಠ್ಯಗಳು. ಕೋಚಿಂಗ್ ಕ್ಲಾಸಿನ ನೋಟ್ಸಿನ ಜೆರಾಕ್ಸ್, ಸ್ಪೈರಲ್ ಬೈಂಡಿಂಗ್ ಮಾಡಿಸಿದ್ದು. ಎರಡು ತಿಂಗಳ ಹಿಂದಿನ ಕರೆಂಟ್ ಅಫೇರ್ಸ್ ಮಾಸಪತ್ರಿಕೆ. ಎಲ್ಲದರ ಮೇಲೆ ಬೋರಲು ಮಲಗಿಸಿದ ಮೊಬೈಲ್. ಮೊದಲ ಹತ್ತು ನಿಮಿಷ ಓದು ಚೆನ್ನಾಗಿಯೇ ಸಾಗುತ್ತದೆ. ಅಷ್ಟರಲ್ಲಿ ಪಕ್ಕದ ಕುರ್ಚಿಯ ಹುಡುಗ ಅರ್ಥಶಾಸ್ತ್ರದ ಪುಸ್ತಕ ತೆರೆಯುತ್ತಾನೆ. ‘ಅಯ್ಯೋ, ಬಜೆಟ್ ಇನ್ನೂ ಮುಟ್ಟೇ ಇಲ್ಲವಲ್ಲ’ ಎಂದು ನಿನಗೆ ಎದೆ ಧಸಕ್ಕೆನ್ನುತ್ತದೆ. ಸಂವಿಧಾನದ ಪುಟದಲ್ಲಿ ಪೆನ್ನು ಸಿಕ್ಕಿಸಿಟ್ಟು ಅರ್ಥಶಾಸ್ತ್ರ ತೆಗೆಯುತ್ತೀ. ಅಲ್ಲಿ ಒಂದು ಪದ ಗೊತ್ತಾಗದೆ ಮೊಬೈಲ್ ಎತ್ತುತ್ತೀ. ಟೆಲಿಗ್ರಾಂ ಗುಂಪಿನಲ್ಲಿ ಯಾರೋ ಮುನ್ನೂರು ಪುಟದ ಪಿಡಿಎಫ್ ಹಾಕಿರುತ್ತಾರೆ, ಮುಂದೆ ಓದಿದರಾಯಿತೆಂದು ಇಳಿಸಿಕೊಳ್ಳುತ್ತೀ. ಹನ್ನೊಂದಕ್ಕೆ ಚಹಾಕ್ಕೆ ಹೋದರೆ ಅಲ್ಲಿ ಕಟ್‌ಆಫ್ ಎಷ್ಟಕ್ಕೆ ನಿಲ್ಲಬಹುದು ಎಂಬ ಚರ್ಚೆ. ರಾತ್ರಿ ಕೋಣೆಗೆ ಮರಳಿದಾಗ ಬೆನ್ನು ಸೆಟೆದಿರುತ್ತದೆ, ಕಣ್ಣು ಉರಿಯುತ್ತಿರುತ್ತದೆ. ‘ಇವತ್ತು ಏನು ಓದಿದೆ?’ ಎಂದು ಯಾರಾದರೂ ಕೇಳಿದರೆ ಹೇಳಲು ಒಂದು ವಿಷಯವೂ ಬಾಯಿಗೆ ಬರುವುದಿಲ್ಲ.

ಇದನ್ನು ಸೋಮಾರಿತನ ಎಂದು ನಾನು ಒಂದು ದಿನವೂ ಅಂದುಕೊಂಡವನಲ್ಲ. ಸೋಮಾರಿಗೆ ಆ ಸುಸ್ತು ಇರುವುದಿಲ್ಲ. ನೀನು ನಿಜವಾಗಿಯೂ ದಣಿದಿದ್ದೀಯ. ದಿನವಿಡೀ ನಿನ್ನ ತಲೆ ಓದಿದ್ದು ಕಡಿಮೆ, ಹೊತ್ತದ್ದು ಹೆಚ್ಚು. ಸಂವಿಧಾನದ ಪುಟದ ಮೇಲೆ ಕಣ್ಣಿಟ್ಟಿರುವಾಗಲೂ ಭೂಗೋಳ, ಇತಿಹಾಸ, ಮೆಂಟಲ್ ಎಬಿಲಿಟಿ, ಬರಲಿರುವ ನೋಟಿಫಿಕೇಷನ್, ಊರಿನ ಸಾಲ ಎಲ್ಲವೂ ಅಲ್ಲೇ ಕೂತಿದ್ದವು. ಮನುಷ್ಯನ ಮನಸ್ಸಿಗೆ ಅಷ್ಟನ್ನು ಒಟ್ಟಿಗೆ ಹಿಡಿದಿಡುವ ಶಕ್ತಿಯೇ ಇಲ್ಲ. ಅಮೆರಿಕದ ಜಾರ್ಜ್ ಮಿಲ್ಲರ್ ಎಂಬ ಮನೋವಿಜ್ಞಾನಿ 1956ರಲ್ಲಿ, ನಾವು ಒಂದೇ ಗಳಿಗೆಯಲ್ಲಿ ನೆನಪಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲದ್ದು ಸುಮಾರು ಏಳು ಸಂಗತಿ ಎಂದು ಬರೆದ. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಮತ್ತೆ ತೂಗಿ ನೋಡಿ, ಏಳೂ ಹೆಚ್ಚಾಯಿತು, ನಾಲ್ಕರ ಆಸುಪಾಸು ಎಂದ. ನಿನಗೂ ಅಷ್ಟೇ, ಮೊದಲ ರ‍್ಯಾಂಕ್ ಬಂದವರಿಗೂ ಹೆಚ್ಚುಕಡಿಮೆ ಅಷ್ಟೇ.

ಹಾಗಾದರೆ ಎಂಟು ಕೆಲಸವನ್ನು ಒಂದೇ ಸಲ ಕೂತು ಮುಗಿಸುವವರು ಇಲ್ಲವೇ? ಇದ್ದಾರೆ. ಅವರು ಹೇಗೆ ಮಾಡುತ್ತಾರೆ ಎಂಬುದನ್ನು ನೀನು ಒಮ್ಮೆ ಕಣ್ಣಾರೆ ನೋಡಬೇಕು ಎಂದು ನನ್ನ ಆಸೆ.

ಅಷ್ಟಾವಧಾನದ ಹೆಸರು ಕೇಳಿರುತ್ತೀ. ಈ ಕಲೆ ನಮ್ಮ ಕಾಲದಲ್ಲಿ ಕನ್ನಡದಲ್ಲಿ ಮತ್ತೆ ತಲೆ ಎತ್ತಿ ನಿಂತದ್ದು ಶತಾವಧಾನಿ ಆರ್. ಗಣೇಶ್ ಅವರಿಂದ. ಸಾವಿರಕ್ಕೂ ಹೆಚ್ಚು ಅವಧಾನ ಮಾಡಿದವರು ಅವರು. 2012ರಲ್ಲಿ ಬೆಂಗಳೂರಿನಲ್ಲಿ ಪ್ರಶ್ನೆ ಕೇಳುವ ನೂರು ಮಂದಿಯ ಎದುರು ಪೂರ್ತಿ ಕನ್ನಡದಲ್ಲೇ ಶತಾವಧಾನ ನಡೆಸಿದರು. ಅಷ್ಟಾವಧಾನದಲ್ಲಿ ಉತ್ತರಿಸುವ ಅವಧಾನಿ ಒಬ್ಬರೇ, ಪ್ರಶ್ನೆ ಕೇಳುವ ಪೃಚ್ಛಕರು ಎಂಟು ಮಂದಿ. ಒಬ್ಬರು ನಿಷೇಧಾಕ್ಷರಿ: ಅವಧಾನಿ ಪದ್ಯದ ಒಂದೊಂದು ಅಕ್ಷರ ಹೇಳಿದಂತೆ, ಮುಂದೆ ಇಂಥ ಅಕ್ಷರ ಬರಕೂಡದು ಎಂದು ತಡೆಯುತ್ತ ಹೋಗುವವರು. ಇನ್ನೊಬ್ಬರದು ಸಮಸ್ಯೆ: ಅರ್ಥವೇ ಆಗದಂಥ ಕೊನೆಯ ಸಾಲೊಂದನ್ನು ಕೊಟ್ಟು, ಅದಕ್ಕೆ ಅರ್ಥ ಬರುವಂತೆ ಮೇಲಿನ ಸಾಲುಗಳನ್ನು ಕಟ್ಟಿ ಎನ್ನುತ್ತಾರೆ. ಮತ್ತೊಬ್ಬರದು ದತ್ತಪದಿ: ನಾಲ್ಕು ಪದ ಕೊಟ್ಟು, ಸಾಲಿಗೊಂದರಂತೆ ಅವನ್ನು ಪದ್ಯದಲ್ಲಿ ತರಬೇಕು ಎನ್ನುತ್ತಾರೆ. ಚಿತ್ರಕವಿತೆ, ಆಶುಕವಿತೆ, ಕಾವ್ಯವಾಚನ ಇರುತ್ತವೆ. ಸಂಖ್ಯಾಬಂಧದವರು ಇಪ್ಪತ್ತೈದು ಮನೆಗಳ ಚೌಕ ಹಿಡಿದು ಕೂತಿರುತ್ತಾರೆ. ಅಡ್ಡ ಕೂಡಿದರೂ ಉದ್ದ ಕೂಡಿದರೂ ಒಂದೇ ಮೊತ್ತ ಬರಬೇಕು, ಮನಸ್ಸಿಗೆ ಬಂದಾಗ ನಡುವೆ ಬಾಯಿ ಹಾಕಿ ಇಂಥ ಮನೆಯ ಸಂಖ್ಯೆ ಹೇಳಿ ಎನ್ನುತ್ತಾರೆ. ಇಷ್ಟು ಸಾಲದು ಎಂಬಂತೆ ಅಪ್ರಸ್ತುತ ಪ್ರಸಂಗಿ. ಸಂಬಂಧವಿಲ್ಲದ ತರಲೆ ಮಾತು ತೆಗೆದು ಅವಧಾನಿಯ ಗಮನ ಕೆಡಿಸುವುದೇ ಅವರ ಕೆಲಸ. ಅವಧಾನಿಯ ಕೈಯಲ್ಲಿ ಪೆನ್ನೂ ಇಲ್ಲ, ಕಾಗದವೂ ಇಲ್ಲ.

ಸಭಿಕರಿಗೆ ಇದು ಎಂಟು ಕೆಲಸವನ್ನು ಒಟ್ಟಿಗೆ ಮಾಡಿದಂತೆ ಕಾಣುತ್ತದೆ. ಸ್ವಲ್ಪ ಹೊತ್ತು ಎಚ್ಚರದಿಂದ ನೋಡು, ಬೇರೆಯೇ ಕ್ರಮ ಕಣ್ಣಿಗೆ ಬೀಳುತ್ತದೆ. ಅವಧಾನ ಸುತ್ತುಗಳಲ್ಲಿ ಸಾಗುತ್ತದೆ. ಮೊದಲ ಸುತ್ತಿನಲ್ಲಿ ನಿಷೇಧಾಕ್ಷರಿಯ ಪದ್ಯಕ್ಕೆ ಒಂದು ಸಾಲು. ಅದು ಮುಗಿಯಿತೆಂದರೆ ಆ ಸುತ್ತಿನಲ್ಲಿ ಆ ಪೃಚ್ಛಕರ ಕಡೆ ಮತ್ತೆ ತಿರುಗುವುದಿಲ್ಲ. ಸಮಸ್ಯೆಗೆ ಒಂದು ಸಾಲು. ದತ್ತಪದಿಗೆ ಒಂದು ಸಾಲು. ಹೀಗೆ ಒಂದು ಸುತ್ತು ಬಂದ ಮೇಲೆ ಎರಡನೆಯ ಸುತ್ತು, ಪ್ರತಿಯೊಂದಕ್ಕೂ ಎರಡನೆಯ ಸಾಲು. ನಾಲ್ಕು ಸುತ್ತಿಗೆ ಪದ್ಯಗಳು ತುಂಬುತ್ತವೆ. ಕೊನೆಗೆ ಧಾರಣೆ: ಕಟ್ಟಿದ ಪದ್ಯಗಳನ್ನೆಲ್ಲ ಮೊದಲಿನಿಂದ ಕಡೆಯವರೆಗೆ ಒಪ್ಪಿಸುವುದು. ನಿಷೇಧಾಕ್ಷರಿಯ ಎದುರು ಕೂತಷ್ಟು ಹೊತ್ತು ಅವಧಾನಿ ಪೂರ್ತಿಯಾಗಿ ಅಲ್ಲಿರುತ್ತಾರೆ. ದತ್ತಪದಿಯ ಸಾಲು ಇನ್ನೂ ಬಾಕಿ ಇದೆಯಲ್ಲ ಎಂಬ ಚಿಂತೆಯನ್ನು ಅದರೊಳಗೆ ಬಿಟ್ಟುಕೊಳ್ಳುವುದಿಲ್ಲ. ಅದರ ಸರದಿ ಬಂದೇ ಬರುತ್ತದೆ ಎಂಬುದು ಅವರಿಗೆ ಗೊತ್ತು.

ನಿನಗೆ ಬೇಕಾದದ್ದು ಅಷ್ಟೇ. ಅವಧಾನಿಯ ಧಾರಣಶಕ್ತಿ ನಮಗಿಲ್ಲ, ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು, ಛಂದಸ್ಸು ರಕ್ತಕ್ಕೆ ಇಳಿದಿರಬೇಕು. ಆದರೆ ಅವರ ಕ್ರಮ ಯಾರಿಗಾದರೂ ಸಿಗುವಂಥದ್ದು. ಒಂದು ಸುತ್ತಿಗೆ ಒಂದು ವಿಷಯದ ಒಂದೇ ಸಾಲು. ಆ ಸಾಲು ಮುಗಿಯುವವರೆಗೆ ಇನ್ನೊಂದು ಸಾಲಿಗೆ ಕೈ ಹಾಕುವುದಿಲ್ಲ. ಮುಗಿದ ಮೇಲೆ ಅದನ್ನು ಬಿಟ್ಟು ಏಳುವುದು.

ಬಿಟ್ಟು ಏಳಲು ಒಂದು ಜಾಗ ಬೇಕು. ಅವಧಾನಿಗೆ ಅದು ನೆನಪು, ನಿನಗೆ ಒಂದು ನೋಟ್‌ಬುಕ್. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಮಾಸಿಕ್ಯಾಂಪೊ ಮತ್ತು ಬಾಮೈಸ್ಟರ್ ಎಂಬ ಇಬ್ಬರು ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಿವೆ. ಬಾಕಿ ಉಳಿದ ಕೆಲಸವೊಂದನ್ನು ನೆನಪಿಸಿ ಜನರನ್ನು ಓದಲು ಕೂರಿಸಿದರೆ, ಆ ಬಾಕಿ ಕೆಲಸ ಓದಿನ ನಡುವೆ ಮತ್ತೆ ಮತ್ತೆ ತಲೆಗೆ ನುಗ್ಗುತ್ತಿತ್ತು. ಆದರೆ ಅದನ್ನು ಯಾವಾಗ, ಹೇಗೆ ಮಾಡುತ್ತೇನೆ ಎಂದು ಮೊದಲೇ ಖಚಿತವಾಗಿ ಯೋಜಿಸಿ ಕೂತವರಿಗೆ ಆ ಕಾಟ ತಗ್ಗಿತು. ಕೆಲಸವಿನ್ನೂ ಆಗಿರಲಿಲ್ಲ ಎನ್ನುವುದನ್ನು ಗಮನಿಸು. ಅದಕ್ಕೊಂದು ಹೊತ್ತು ಗೊತ್ತಾಗಿತ್ತು, ಅಷ್ಟಕ್ಕೇ ಮನಸ್ಸು ಸುಮ್ಮನಾಯಿತು. ಆದ್ದರಿಂದ ಒಂದು ಭಾನುವಾರ ಕೂತು ತಲೆಯಲ್ಲಿರುವುದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸು. ಸಿಲೆಬಸ್ ಮಾತ್ರ ಸಾಲದು. ಜಾತಿ-ಆದಾಯ ಪ್ರಮಾಣಪತ್ರ ಹೊಸದು ಮಾಡಿಸುವುದು, ಅಕ್ಕನ ಮಗುವಿನ ಹೆಸರಿಡುವ ಕಾರ್ಯಕ್ರಮಕ್ಕೆ ಹೋಗುವುದೋ ಬಿಡುವುದೋ, ಗೆಳೆಯನಿಗೆ ಕೊಡಬೇಕಾದ ಸಾಲ, ಎಲ್ಲವೂ ಬರಲಿ. ಬರೆದ ಮೇಲೆ ಒಂದೊಂದರ ಮುಂದೆಯೂ ದಿನ ಹಾಕು. ಈ ವಾರಕ್ಕಲ್ಲದ್ದರ ಮುಂದೆ ‘ಮುಂದಿನ ತಿಂಗಳು’ ಎಂದು ಬರೆದರೂ ಸಾಕು. ತಲೆಗೆ ನೆನಪಿನ ಕಾವಲು ಕೆಲಸದಿಂದ ರಜೆ ಸಿಗುತ್ತದೆ.

ಇನ್ನು ಆ ‘ಒಂದು ಸಾಲು’ ಎಷ್ಟು ಚಿಕ್ಕದಿರಬೇಕು ಎಂಬುದನ್ನು ಹತ್ತಿರದಿಂದ ತೋರಿಸುತ್ತೇನೆ. ಬಹಳ ಮಂದಿ ಎಡವುವುದು ಇಲ್ಲಿಯೇ. ‘ಇವತ್ತು ಮೂಲಭೂತ ಹಕ್ಕುಗಳು ಮುಗಿಸಬೇಕು’ ಎಂದು ಬರೆದುಕೊಳ್ಳುತ್ತೀರಿ. ಸಂವಿಧಾನದ ಮೂರನೆಯ ಭಾಗ ಅದು, 12ರಿಂದ 35ನೇ ವಿಧಿಯವರೆಗೆ. ಅದರಲ್ಲಿ ತಿದ್ದುಪಡಿಗಳು, ಸುಪ್ರೀಂ ಕೋರ್ಟಿನ ತೀರ್ಪುಗಳು, ರಿಟ್‌ಗಳು ಎಲ್ಲ ಸೇರಿವೆ. ಒಂದು ದಿನಕ್ಕೆ ಮುಗಿಯುವ ಮಾತಲ್ಲ. ಸಂಜೆ ‘ಮುಗಿಯಲಿಲ್ಲ’ ಎಂಬ ಸೋಲು ಬೆಳಿಗ್ಗೆಯೇ ಖಾತೆಗೆ ಜಮಾ ಆಗಿರುತ್ತದೆ. ಅದರ ಬದಲು ಹೀಗೆ ಬರೆ: ‘ಬೆಳಿಗ್ಗೆ ಮೊದಲ ಗಂಟೆ, 14ರಿಂದ 18, ಸಮಾನತೆಯ ಹಕ್ಕು.’ ಐದೇ ವಿಧಿ. ಹದಿನಾಲ್ಕು, ಕಾನೂನಿನ ಮುಂದೆ ಎಲ್ಲರೂ ಸಮಾನರು. ಹದಿನೈದು, ಧರ್ಮ, ಜಾತಿ, ಲಿಂಗ ಇತ್ಯಾದಿಗಳ ಆಧಾರದ ಮೇಲೆ ತಾರತಮ್ಯ ಸಲ್ಲದು. ಹದಿನಾರು, ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶ. ಹದಿನೇಳು, ಅಸ್ಪೃಶ್ಯತೆಯ ನಿಷೇಧ. ಹದಿನೆಂಟು, ಬಿರುದುಗಳ ರದ್ದತಿ. ಓದುತ್ತ ಹೋದಂತೆ ಹದಿನೈದು ಮತ್ತು ಹದಿನಾರು ಒಂದರೊಳಗೊಂದು ಕಲೆಸಿಹೋಗುತ್ತವೆ. ಪರೀಕ್ಷೆಯಲ್ಲೂ ಅಲ್ಲಿಯೇ ಕೈ ಇಡುತ್ತಾರೆ. ಈಗ ನಿಲ್ಲು. ಮದ್ರಾಸಿನ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಕಾಲೇಜು ಸೀಟುಗಳ ಮೀಸಲಾತಿ ಬಿದ್ದುಹೋದ ಮೇಲೆ, 1951ರ ಮೊದಲನೆಯ ತಿದ್ದುಪಡಿಯಲ್ಲಿ 15(4) ಸೇರಿತು. ಕಾಲೇಜು ಸೀಟಿನ ಜಗಳದಿಂದ ಬಂದದ್ದು ಹದಿನೈದರಲ್ಲಿದೆ, ನೌಕರಿಯದ್ದು ಹದಿನಾರರಲ್ಲಿದೆ. ಈ ಕಥೆ ಒಮ್ಮೆ ಮನಸ್ಸಿಗೆ ಹತ್ತಿತೆಂದರೆ ಆಮೇಲೆ ಅವೆರಡೂ ಕಲೆಸುವುದಿಲ್ಲ. ಒಂದು ಗಂಟೆಯಲ್ಲಿ ಇಷ್ಟು ಆಯಿತೆಂದರೆ ಅದು ದೊಡ್ಡ ಕೆಲಸವೇ ಸರಿ.

ಆ ಗಂಟೆಯ ಕೊನೆಯ ಕಾಲು ಭಾಗವನ್ನು ಪುಸ್ತಕ ಮುಚ್ಚಿ ಕಳೆಯಬೇಕು. ನಿನ್ನ ಓರಗೆಯವರು ಅತಿ ಹೆಚ್ಚು ತಪ್ಪಿಸುವ ಕೆಲಸ ಇದೇ. ಹಳದಿ ಹೈಲೈಟರ್ ಹಿಡಿದು ಅದೇ ಪುಟವನ್ನು ಐದನೆಯ ಸಲ ಓದುವಾಗ ಎಲ್ಲ ಗೊತ್ತಿದೆ ಎನಿಸುತ್ತದೆ. ಪುಟ ಪರಿಚಯದ್ದಾಗಿರುತ್ತದೆ ನಿಜ, ಆದರೆ ಪರೀಕ್ಷೆಯ ಹಾಲ್‌ನಲ್ಲಿ ಆ ಪುಟ ಎದುರಿಗಿರುವುದಿಲ್ಲ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಒಂದು ಗುಂಪು ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿತು, ಸರಾಸರಿ ಹದಿನಾಲ್ಕು ಸಲದಷ್ಟು. ಇನ್ನೊಂದು ಗುಂಪು ಮೂರು-ನಾಲ್ಕು ಸಲ ಮಾತ್ರ ಓದಿ, ಉಳಿದ ಹೊತ್ತಿನಲ್ಲಿ ಹಾಳೆ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಅವರಿಗೆ ನೆನಪಿದ್ದದ್ದು ಸುಮಾರು ಶೇ. 40, ಬರೆದು ನೋಡಿದವರಿಗೆ ಶೇ. 61. ಇದರಲ್ಲಿ ನಿನ್ನ ಮನಸ್ಸಿಗೆ ಸಮಾಧಾನ ಕೊಡುವ ಸಂಗತಿಯೊಂದಿದೆ. ಪುಸ್ತಕ ಮುಚ್ಚಿದಾಗ ಏನೂ ಹೊಳೆಯದೆ ತಡವರಿಸುತ್ತೀಯಲ್ಲ, ನನಗೆ ತಲೆಯೇ ಇಲ್ಲ ಎಂದು ಆಗ ನಿನ್ನನ್ನು ನೀನೇ ಬೈದುಕೊಳ್ಳುತ್ತೀ. ಹಾಗೆ ತಡವರಿಸುತ್ತ ಹುಡುಕುವಾಗಲೇ ವಿಷಯ ಒಳಗೆ ಕೂರುತ್ತಿರುತ್ತದೆ. ಬಿಳಿ ಹಾಳೆಯ ಎದುರು ಐದು ನಿಮಿಷ ಸುಮ್ಮನೆ ಕೂತರೂ ಪರವಾಗಿಲ್ಲ, ಪುಸ್ತಕ ತೆರೆಯಬೇಡ. ಬಂದಷ್ಟು ಬರೆದು, ಆಮೇಲೆ ತೆರೆದು, ಬಿಟ್ಟದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸು. ಮುಂದಿನ ಸುತ್ತಿನಲ್ಲಿ ಕೆಂಪು ಅಕ್ಷರ ಓದಿದರೆ ಸಾಕು.

ಸುತ್ತು ಎಂದೆ. ಒಂದು ವಿಷಯವನ್ನು ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಹೋಗುವ ಹಟ ಬೇಡ. ಬೆಳಿಗ್ಗೆ ಸಂವಿಧಾನದ ಒಂದು ಸಾಲು, ಹನ್ನೊಂದರ ಮೇಲೆ ಕರ್ನಾಟಕದ ಇತಿಹಾಸದ ಒಂದು ಸಾಲು, ಊಟದ ಮೇಲೆ ನಿದ್ದೆ ಎಳೆಯುವ ಹೊತ್ತಿನಲ್ಲಿ ಕೈ ಆಡಿಸುವ ಮೆಂಟಲ್ ಎಬಿಲಿಟಿ ಲೆಕ್ಕ, ಸಂಜೆ ದಿನಪತ್ರಿಕೆ. ನಾಲ್ಕಕ್ಕಿಂತ ಹೆಚ್ಚು ಬೇಡ. ಮರುದಿನ ಸಂವಿಧಾನಕ್ಕೆ ಮರಳಿದಾಗ ಮೊದಲು ನಿನ್ನೆಯ ಐದು ವಿಧಿಗಳನ್ನು ಬಾಯಲ್ಲೇ ಒಪ್ಪಿಸಿ, ನಂತರ ಹತ್ತೊಂಬತ್ತನೆಯದಕ್ಕೆ ಕೈ ಹಾಕು. ವಾರಕ್ಕೊಮ್ಮೆ ಆ ವಾರದ್ದೆಲ್ಲವನ್ನೂ ಗೆಳೆಯನೊಬ್ಬನಿಗೆ ಪುಸ್ತಕವಿಲ್ಲದೆ ಹೇಳು. ಅದೇ ನಿನ್ನ ಧಾರಣೆ.

ಈಗ ಅಪ್ರಸ್ತುತ ಪ್ರಸಂಗಿಗಳ ಮಾತು. ನಿನ್ನ ಸುತ್ತಲೂ ಅವರು ಬಹಳ ಮಂದಿ ಇದ್ದಾರೆ, ಎಲ್ಲರಿಗಿಂತ ದೊಡ್ಡವನು ಮೊಬೈಲ್‌ನಲ್ಲಿದ್ದಾನೆ. ಮೊಬೈಲ್ ಬಿಟ್ಟುಬಿಡು ಎಂದು ನಾನು ಹೇಳುವುದಿಲ್ಲ. ಅರ್ಜಿ ಹಾಕುವುದು, ಹಾಲ್ ಟಿಕೆಟ್, ಕೀ ಆನ್ಸರ್ ಎಲ್ಲ ಅದರಲ್ಲೇ ಇರುವಾಗ ಅದಾಗದ ಮಾತು. ಆದರೆ ಮೇಜಿನ ಮೇಲೆ ಅದಕ್ಕೆ ಕೆಲಸವಿಲ್ಲ. ಸೈಲೆಂಟ್ ಮಾಡಿ ಚೀಲದ ಒಳಜೇಬಿಗೆ ಹಾಕಿ ಜಿಪ್ ಎಳೆ. ಗೊತ್ತಾಗದ ಪದವನ್ನು ಅಲ್ಲೇ ಹುಡುಕಬೇಡ, ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಡು. ದಿನದ ಕೊನೆಗೆ ಒಂದೇ ಸಲ ಎಲ್ಲ ನೋಡು. ಅರ್ಧ ಪದಗಳ ಅರ್ಥ ಅಷ್ಟರಲ್ಲಿ ಪುಸ್ತಕವೇ ಹೇಳಿರುತ್ತದೆ. ಟೆಲಿಗ್ರಾಂ ಗುಂಪುಗಳಲ್ಲಿ ಎರಡನ್ನು ಉಳಿಸಿ ಮಿಕ್ಕವುಗಳಿಂದ ಹೊರಗೆ ಬಾ. ಇಳಿಸಿಟ್ಟ ಪಿಡಿಎಫ್‌ಗಳನ್ನು ನೋಡಿದಾಗಲೆಲ್ಲ ಇನ್ನೂ ಇಷ್ಟು ಓದಿಲ್ಲ ಎಂದು ಮನಸ್ಸು ಕುಗ್ಗುತ್ತದೆ, ಓದಲು ಮಾತ್ರ ಯಾರೂ ತೆರೆಯುವುದಿಲ್ಲ.

ಸ್ನೇಹಿತರು ಚಹಾಕ್ಕೆ ಕರೆಯುತ್ತಾರೆ, ಹೋಗು. ಚಹಾ ಬೇಕು, ಜೊತೆಗಾರರೂ ಬೇಕು. ಏಳುವ ಮೊದಲು ಅರ್ಧ ನಿಮಿಷ ನಿಂತು, ಮರಳಿ ಬಂದಾಗ ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟು ಹೋಗು. ‘16(4) ಓದಿ ಆಯಿತು, ಮುಂದೆ ಇಂದ್ರಾ ಸಾಹ್ನಿ ತೀರ್ಪು’ ಎಂಬಷ್ಟು ಸಾಕು. ಅರ್ಧಕ್ಕೆ ಬಿಟ್ಟ ಕೆಲಸದ ಒಂದು ಪಾಲು ಗಮನ ಅಲ್ಲೇ ಅಂಟಿಕೊಂಡು ಉಳಿದು ಮುಂದಿನ ಕೆಲಸವನ್ನು ಕೆಡಿಸುತ್ತದೆ ಎಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದಾರೆ. ಗುರುತು ಹಾಕಿ ಎದ್ದರೆ ಅಂಟು ಬಿಡುತ್ತದೆ, ಮರಳಿ ಬಂದಾಗ ಪುಟ ತಿರುಗಿಸುತ್ತ ಕಾಲು ಗಂಟೆ ಕಳೆಯುವುದೂ ತಪ್ಪುತ್ತದೆ.

ಪಕ್ಕದ ಕೋಣೆಯವನು ಹದಿನಾರು ಗಂಟೆ ಓದುತ್ತಾನಂತೆ ಎಂಬ ಸುದ್ದಿಗೆ ಕಿವಿ ಕೊಡಬೇಡ. ಗ್ರಂಥಾಲಯದಲ್ಲಿ ಕೂತ ನನಗೆ ಗೊತ್ತು, ಕುರ್ಚಿ ಕಾದ ಗಂಟೆ ಬೇರೆ, ಓದಿದ ಗಂಟೆ ಬೇರೆ. ನಿಜವಾಗಿ ಮನಸ್ಸಿಟ್ಟ ಆರು ಗಂಟೆ ಒಬ್ಬ ಮನುಷ್ಯನಿಗೆ ಧಾರಾಳ. ಮಿಕ್ಕಿದ್ದು ಪತ್ರಿಕೆಗೆ, ನಡಿಗೆಗೆ, ಊಟಕ್ಕೆ, ನಿದ್ದೆಗೆ. ಸಂಜೆ ಕೆಲಗೇರಿ ಕೆರೆಯ ಕಡೆಗೋ ಕರ್ನಾಟಕ ಕಾಲೇಜಿನ ಮರಗಳ ಕೆಳಗೋ ಒಂದು ಸುತ್ತು ಹಾಕಿ ಬಾ, ಕಿವಿಗೆ ಇಯರ್‌ಫೋನ್ ಸಿಕ್ಕಿಸದೆ. ರಾತ್ರಿ ಎರಡರವರೆಗೆ ಕೂತು ಓದಿದ್ದನ್ನು ಬೆಳಿಗ್ಗೆ ಹುಡುಕಿದರೆ ಅದು ಅಲ್ಲಿರುವುದಿಲ್ಲ. ಕಲಿತ ಮೇಲೆ ನಿದ್ದೆ ಮಾಡಿದವರಿಗೆ ಎಚ್ಚರ ಇದ್ದವರಿಗಿಂತ ಹೆಚ್ಚು ನೆನಪಿರುತ್ತದೆ ಎಂಬುದನ್ನು ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಷ್ಟು ಹಿಂದೆಯೇ ಪ್ರಯೋಗ ಮಾಡಿ ತೋರಿಸಿದ್ದರು. ನಿದ್ದೆಯನ್ನೂ ಓದಿನ ಲೆಕ್ಕಕ್ಕೇ ಸೇರಿಸಿಕೋ.

ಇಷ್ಟೆಲ್ಲ ನಿನ್ನ ಕೈಯಲ್ಲಿರುವುದು. ಕೈಯಲ್ಲಿಲ್ಲದ್ದೂ ಇದೆ. ಅದರ ಬಗ್ಗೆ ಮಾತಾಡದಿದ್ದರೆ ನನ್ನ ಮಾತು ಪೊಳ್ಳಾಗುತ್ತದೆ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ತಪ್ಪು ಮಾಡದ ಸಾವಿರಾರು ಮಕ್ಕಳ ಎರಡು ವರ್ಷಕ್ಕೂ ಮಿಕ್ಕಿದ ಕಾಲ ಹೋಯಿತು. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ನಡೆದಾಗ ಕನ್ನಡ ಪ್ರಶ್ನೆಪತ್ರಿಕೆಯ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರ್‌ನಲ್ಲಿ ಮತ್ತೆ ಪರೀಕ್ಷೆ ನಡೆಸಬೇಕಾಯಿತು, ಆ ಸಲವೂ ಅನುವಾದದ ದೂರು ತಪ್ಪಲಿಲ್ಲ. ಕನ್ನಡದಲ್ಲೇ ಓದಿ ಕನ್ನಡದಲ್ಲೇ ಬರೆಯುವ ನಿನಗೆ ಇದರಿಂದ ಆದ ಅನ್ಯಾಯವನ್ನು ಎಣಿಸಿದರೆ ನನಗೆ ಈಗಲೂ ಸಂಕಟವಾಗುತ್ತದೆ. ಸಿಟ್ಟು ಬರುವುದು ಸಹಜ, ಬರಬೇಕಾದದ್ದೇ. ಮನವಿ ಕೊಡಲು ಗೆಳೆಯರ ಜೊತೆ ಹೋಗಬೇಕೆನಿಸಿದರೆ ಹೋಗು, ಅದು ನಿನ್ನ ಹಕ್ಕು. ಅದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ದಿನ, ಒಂದು ಹೊತ್ತು ಬರೆ. ಆ ಸಿಟ್ಟು ದಿನದ ಎಲ್ಲ ಗಂಟೆಗಳಿಗೂ ಹರಡಿತೆಂದರೆ ಅನ್ಯಾಯ ಮಾಡಿದವರಿಗೆ ಏನೂ ಆಗುವುದಿಲ್ಲ, ನಿನ್ನ ಓದು ಮಾತ್ರ ಹೋಗುತ್ತದೆ. ತಾರೀಖು ಮುಂದಕ್ಕೆ ಹೋದಾಗ ನೋಟ್ಸ್ ಕಟ್ಟಿಟ್ಟು ಊರಿಗೆ ಹೋಗಿ ಎರಡು ತಿಂಗಳು ಕೂತವರನ್ನು ಬಹಳ ನೋಡಿದ್ದೇನೆ. ಮರಳಿ ಬರುವುದರೊಳಗೆ ಅವರ ಓದಿನ ರೂಢಿ ತಪ್ಪಿಹೋಗಿರುತ್ತದೆ. ಅಂಥ ಹೊತ್ತಿನಲ್ಲಿ ನಾಲ್ಕು ಸಾಲು ಎರಡಾಗಲಿ, ನಿಲ್ಲುವುದು ಬೇಡ.

ಒಂದು ಎಚ್ಚರಿಕೆ. ಓದಿನ ಭಾರಕ್ಕೂ ಮನಸ್ಸಿನ ಕಾಯಿಲೆಗೂ ನಡುವೆ ಒಂದು ಗೆರೆ ಇದೆ. ಎರಡು ಮೂರು ವಾರ ನಿದ್ದೆ ಹತ್ತದಿದ್ದರೆ, ಊಟ ಸೇರದಿದ್ದರೆ, ಇಷ್ಟಪಟ್ಟದ್ದೂ ಬೇಡವೆನಿಸಿದರೆ, ನಾನಿದ್ದು ಏನು ಉಪಯೋಗ ಎಂಬ ಯೋಚನೆ ಬಂದರೆ, ನಾನು ಮೇಲೆ ಹೇಳಿದ ಯಾವ ನೋಟ್‌ಬುಕ್ಕೂ ಅದಕ್ಕೆ ಮದ್ದಲ್ಲ. ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಊರವರು ಹಿಂದಿನಿಂದಲೂ ಆ ಆಸ್ಪತ್ರೆಯ ಹೆಸರನ್ನು ತಮಾಷೆಗೆ ಬಳಸುತ್ತ ಬಂದದ್ದರಿಂದ ಅಲ್ಲಿಗೆ ಹೋಗಲು ನಿನಗೆ ಅಳುಕಿರಬಹುದು. ಜ್ವರಕ್ಕೆ ಡಾಕ್ಟರ ಹತ್ತಿರ ಹೋದಂತೆಯೇ ಇದೂ. ಹೋಗಲಾಗದಿದ್ದರೆ 14416ಕ್ಕೆ ಕರೆ ಮಾಡು. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿನಗಲ್ಲ, ಕೋಣೆಯ ಗೆಳೆಯನಿಗೆ ಹೀಗಾಗಿದೆ ಎಂದು ಅನುಮಾನ ಬಂದರೆ ‘ಅವನ ಸ್ವಭಾವವೇ ಹಾಗೆ’ ಎಂದು ಬಿಡಬೇಡ. ಜೊತೆಯಲ್ಲಿ ಹೋಗು.

ಕೊನೆಯದಾಗಿ ಮನೆಯ ವಿಷಯ. ನಿನ್ನ ಪುಸ್ತಕದ ಪುಟಗಳ ನಡುವೆ ಎಲ್ಲಕ್ಕಿಂತ ಹೆಚ್ಚು ಬಂದು ಕೂರುವುದು ಅದೇ. ಅಪ್ಪ ತಿಂಗಳಿಗೆ ಇಷ್ಟು ಕಳಿಸುತ್ತಾನೆ, ಈ ಸಲ ಹೆಸರಿನ ಬೆಳೆ ಕೈಕೊಟ್ಟಿತು, ತಂಗಿಯ ಕಾಲೇಜಿನ ಫೀ ಇದೆ. ಇನ್ನೆಷ್ಟು ದಿನ ಎಂದು ಯಾರೂ ಕೇಳಿರುವುದಿಲ್ಲ. ಕೇಳದೇ ಇರುವುದೇ ನಿನ್ನನ್ನು ಹೆಚ್ಚು ಹಿಂಡುತ್ತದೆ. ಹಬ್ಬಕ್ಕೆ ಊರಿಗೆ ಹೋಗುವುದನ್ನೂ ಇದೇ ಕಾರಣಕ್ಕೆ ತಪ್ಪಿಸುತ್ತೀ. ಕೊನೆ ಎಲ್ಲಿದೆ ಎಂದು ಗೊತ್ತಿಲ್ಲದ ಕೆಲಸದಲ್ಲಿ ಯಾರ ಮನಸ್ಸೂ ನಿಲ್ಲುವುದಿಲ್ಲ. ಆದ್ದರಿಂದ ನೀನೇ ಒಂದು ಗಡುವು ಹೇಳು. ಇಂಥ ವರ್ಷದ ಇಂಥ ತಿಂಗಳವರೆಗೆ, ಇಷ್ಟು ಅಟೆಂಪ್ಟ್, ಅಷ್ಟರೊಳಗೆ ಆಗದಿದ್ದರೆ ಬಿ.ಇಡಿ ಮಾಡುತ್ತೇನೆಯೋ, ಬ್ಯಾಂಕಿನ ಪರೀಕ್ಷೆ ಬರೆಯುತ್ತೇನೆಯೋ, ಊರಲ್ಲೇ ಒಂದು ಅಂಗಡಿ ಹಾಕುತ್ತೇನೆಯೋ, ಅದನ್ನೂ ಹೇಳು. ಓದಿದ್ದು ಎಲ್ಲಿಗೂ ಹೋಗುವುದಿಲ್ಲ. ನಮ್ಮ ರೀಡಿಂಗ್ ರೂಮಿನಲ್ಲಿ ವರ್ಷಗಟ್ಟಲೆ ಕೂತು ಕೆಎಎಸ್ ಆಗದ ಹಲವರು ಇವತ್ತು ಒಳ್ಳೆಯ ಮೇಷ್ಟರುಗಳಾಗಿದ್ದಾರೆ, ಪಂಚಾಯಿತಿಯಲ್ಲಿ ಅಧಿಕಾರಿಗಳ ಎದುರು ಕಾನೂನು ಹಿಡಿದು ಮಾತಾಡುವವರಾಗಿದ್ದಾರೆ.

ಈ ಮಾತು ಫೋನಿನಲ್ಲಿ ಬೇಡ. ಈ ಸಲ ಹಬ್ಬ ತಪ್ಪಿಸದೆ ಊರಿಗೆ ಹೋಗಿ, ಊಟವಾದ ಮೇಲೆ ಎದುರು ಕೂತು ಆಡು. ಕೋಣೆಯ ಬಾಡಿಗೆ ಎಷ್ಟು, ಖಾನಾವಳಿಗೆ ಎಷ್ಟು, ಪುಸ್ತಕಕ್ಕೆ, ಟೆಸ್ಟ್ ಸೀರೀಸಿಗೆ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು. ಮಾತಾಡುವಾಗ ಅವ್ವನನ್ನೂ ಕೂರಿಸಿಕೋ, ಅಡುಗೆಮನೆಯಲ್ಲೇ ಇರಲು ಬಿಡಬೇಡ. ಮನೆಯ ಲೆಕ್ಕ ಅಪ್ಪನಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿರುತ್ತದೆ.